ಶಿಷ್ಯನೊಬ್ಬನಿಗೆ ಹತ್ತು ಸಾವಿರ ಡಾಲರ್

ಉದ್ದನೆಯ ಮೇಜು, ಮೇಲೆ ಬಿಳಿಯ ಹಾಸು. ರೊಟ್ಟಿ, ದ್ರಾಕ್ಷಾರಸ, ಹುರಿದ ಕುರಿಮಾಂಸ, ಪಕ್ಕದಲ್ಲಿ ಸೊಪ್ಪು ಮತ್ತು ಅವರೆಯಂಥ ಕಾಳು. ಏಸುವಿನ ಕಡೆಯ ಭೋಜನವನ್ನು ಬರೆದ ಗಂಡಸರು ಬಹಳ ಮಂದಿ ಊಟದ ಕಡೆಗೆ ಇಷ್ಟು ಗಮನ ಕೊಟ್ಟವರಲ್ಲ. ಈ ಚಿತ್ರ ಬರೆದವಳು ದಿನವೂ ಮಠದ ಪಂಕ್ತಿಯಲ್ಲಿ ಕೂತು ಉಂಡವಳು. ಹೆಸರು ಪ್ಲೌಟಿಲ್ಲಾ ನೆಲ್ಲಿ. ಇಟಲಿಯ ಫ್ಲಾರೆನ್ಸ್ ನಗರದಲ್ಲಿ 1524ರಲ್ಲಿ ಹುಟ್ಟಿ, ಹದಿನಾಲ್ಕರ ಹರೆಯದಲ್ಲಿ ಕನ್ಯಾಮಠ ಸೇರಿ, 1588ರಲ್ಲಿ ತೀರಿಕೊಂಡ ಸನ್ಯಾಸಿನಿ.

ಚಿತ್ರಕಲೆಯನ್ನು ಆಕೆ ಯಾವ ಗುರುವಿನ ಬಳಿಯೂ ಕೂತು ಕಲಿಯಲಿಲ್ಲ. ಹಿರಿಯರ ಚಿತ್ರಗಳನ್ನು ನಕಲು ಮಾಡುತ್ತಾ ಕೈ ಪಳಗಿಸಿಕೊಂಡಳು. ಆಮೇಲೆ ಮಠದ ಇತರ ಸನ್ಯಾಸಿನಿಯರನ್ನೂ ಸೇರಿಸಿಕೊಂಡು ಒಂದು ಕಾರ್ಯಾಗಾರವನ್ನೇ ನಡೆಸಿದಳು. ಕಲಾವಿದರ ಜೀವನ ಚರಿತ್ರೆಗಳನ್ನು ಬರೆದ ಜಾರ್ಜೊ ವಸಾರಿ ತನ್ನ ಗ್ರಂಥದ 1568ರ ಆವೃತ್ತಿಯಲ್ಲಿ ಆಕೆಯನ್ನು ಹೆಸರಿಸಿ ಹೊಗಳಿದ್ದಾನೆ. ಮಠದ ಊಟದ ಮನೆಗೆಂದು ಸರಿಸುಮಾರು ಅದೇ ಹೊತ್ತಿನಲ್ಲಿ ಆಕೆ ಬರೆದ ‘ಕಡೆಯ ಭೋಜನ’ ಸುಮಾರು ಏಳು ಮೀಟರ್ ಅಗಲ. ಏಸು ಮತ್ತು ಆತನ ಶಿಷ್ಯರು, ಆಳುದ್ದದ ಹದಿಮೂರು ಮಂದಿ ಅದರಲ್ಲಿದ್ದಾರೆ. ಈ ವಸ್ತುವನ್ನು ಹೆಣ್ಣೊಬ್ಬಳು ಚಿತ್ರಿಸಿದ್ದರಲ್ಲಿ ನಮಗೆ ಗೊತ್ತಿರುವ ಮೊದಲನೆಯದು ಇದೇ. ಚಿತ್ರದ ಮೂಲೆಯಲ್ಲಿ ಲ್ಯಾಟಿನ್ನಿನಲ್ಲಿ ತನ್ನ ಹೆಸರು ಹಾಕಿ, ಚಿತ್ರ ಬರೆದವಳಿಗಾಗಿ ಪ್ರಾರ್ಥಿಸಿ ಎಂದು ಬರೆದಿದ್ದಾಳೆ.

ಪ್ರಾರ್ಥಿಸುವವರಿರಲಿ, ನೋಡುವವರೂ ಉಳಿಯಲಿಲ್ಲ. ನೆಪೋಲಿಯನ್ನನ ಕಾಲದಲ್ಲಿ ಮಠಗಳು ಮುಚ್ಚಿದಾಗ ಚಿತ್ರ ಸಾಂತಾ ಮಾರಿಯಾ ನೊವೆಲ್ಲಾ ಚರ್ಚಿನ ಸನ್ಯಾಸಿಗಳ ಕೈಸೇರಿತು. ಒಂದಷ್ಟು ಕಾಲ ಚಾಪೆಯಂತೆ ಸುರುಳಿ ಸುತ್ತಿಸಿಕೊಂಡು ಬಿದ್ದಿತ್ತು. ಮತ್ತೊಂದಷ್ಟು ಕಾಲ ಸನ್ಯಾಸಿಗಳ ಖಾಸಗಿ ಭೋಜನಶಾಲೆಯಲ್ಲಿ, ಹೊರಗಿನವರ ಕಣ್ಣಿಗೆ ಬೀಳದೆ ತೂಗಾಡಿತು.

ಅದನ್ನು ಹೊರಗೆ ತಂದವರು ಸರ್ಕಾರದವರಲ್ಲ, ಚರ್ಚಿನವರೂ ಅಲ್ಲ. ಅಮೆರಿಕದ ಇಂಡಿಯಾನಾಪೊಲಿಸಿನ ಜೇನ್ ಫಾರ್ಚೂನ್ ಎಂಬ ಹೆಂಗಸು. ಫ್ಲಾರೆನ್ಸಿನ ಮೋಹಕ್ಕೆ ಬಿದ್ದು ಮತ್ತೆ ಮತ್ತೆ ಅಲ್ಲಿಗೆ ಬರುತ್ತಿದ್ದ ಆಕೆಯನ್ನು ನೆಲ್ಲಿಯ ಬಗ್ಗೆ ಓದಿದ ಒಂದು ಪುಸ್ತಕ ಹಿಡಿದುಕೊಂಡಿತು. ಇಷ್ಟೊಂದು ಮ್ಯೂಸಿಯಂಗಳಿರುವ ಊರಿನಲ್ಲಿ ಹೆಂಗಸರು ಬರೆದ ಚಿತ್ರಗಳೆಲ್ಲಿ ಎಂದು ಕೇಳುತ್ತಾ ಹೊರಟಾಗ ಸಿಕ್ಕ ಉತ್ತರ ಉಗ್ರಾಣಗಳಲ್ಲಿತ್ತು. ಸಾನ್ ಮಾರ್ಕೊ ಮ್ಯೂಸಿಯಂನಲ್ಲಿದ್ದ ನೆಲ್ಲಿಯ ಇನ್ನೊಂದು ದೊಡ್ಡ ಚಿತ್ರದ ದುರಸ್ತಿಗೆ ಮೊದಲು ಹಣ ಕೊಟ್ಟರು. 2009ರಲ್ಲಿ ಹೆಂಗಸರ ಇಂಥ ಕೃತಿಗಳಿಗೆಂದೇ ‘ಅಡ್ವಾನ್ಸಿಂಗ್ ವಿಮೆನ್ ಆರ್ಟಿಸ್ಟ್ಸ್’ ಎಂಬ ಸಂಸ್ಥೆ ಕಟ್ಟಿದರು.

‘ಕಡೆಯ ಭೋಜನ’ಕ್ಕೆ ಬಂದಾಗ ಒಬ್ಬರ ಜೇಬು ಸಾಲುವಂತಿರಲಿಲ್ಲ. ಆಗ ಹುಟ್ಟಿದ್ದು ಶಿಷ್ಯನೊಬ್ಬನನ್ನು ದತ್ತು ತೆಗೆದುಕೊಳ್ಳಿ ಎಂಬ ಯೋಜನೆ: ತಲೆಗೆ ಹತ್ತು ಸಾವಿರ ಡಾಲರ್. ಜೊತೆಗೆ ಇಂಟರ್‌ನೆಟ್ ಮೂಲಕ ಸಣ್ಣಪುಟ್ಟ ವಂತಿಗೆ. ದಾನ ಕೇಳುವ ಕಲೆ ಬಲ್ಲವರ ಉಪಾಯವಿದು. ಹಳೆಯ ಬಟ್ಟೆಯ ಮೇಲಿನ ಬಿರುಕಿಗೆ ದುಡ್ಡು ಕೊಡಿ ಎಂದರೆ ಕೈ ಮುಂದೆ ಬರುವುದಿಲ್ಲ, ಈ ಪೇತ್ರ ನಿಮ್ಮವನು ಎಂದರೆ ಬರುತ್ತದೆ. ಗುರುದ್ರೋಹಿ ಯೂದನೂ ಅನಾಥನಾಗಿ ಉಳಿಯಲಿಲ್ಲ.

ಆ ಹಣ ಹೋಗುವುದೆಲ್ಲಿಗೆ? ಚಿತ್ರದ ದುರಸ್ತಿ ಎಂದರೆ ಮಾಸಿದ ಗೋಡೆಗೆ ಹೊಸ ಬಣ್ಣ ಹೊಡೆದಂತೆ ಎಂದುಕೊಂಡವರೇ ಹೆಚ್ಚು. ನಿಜಕ್ಕೂ ಹೊಸ ಬಣ್ಣದ ಸರದಿ ಬರುವುದು ಕಟ್ಟಕಡೆಗೆ, ಅದೂ ಆದಷ್ಟು ಕಡಿಮೆ. ಮೊದಲು ಎಕ್ಸ್‌ರೇ, ಇನ್‌ಫ್ರಾರೆಡ್ ಛಾಯಾಚಿತ್ರಗಳು: ಬಣ್ಣದ ಕೆಳಗೆ ಏನಿದೆ, ಹಿಂದೆ ಯಾರು ಎಲ್ಲಿ ಕೈಯಾಡಿಸಿದ್ದಾರೆ ಎಂದು ತಿಳಿಯಲು. ಆಮೇಲೆ ಏಳುತ್ತಿರುವ ಬಣ್ಣದ ಹೊಪ್ಪಳಿಕೆಗಳನ್ನು ಅಂಟಿಸಿ ಕೂರಿಸುವುದು. ಬಳಿಕ ಕಡ್ಡಿಗೆ ಹತ್ತಿ ಸುತ್ತಿ, ದ್ರಾವಕದಲ್ಲಿ ಅದ್ದಿ, ಹಳದಿಗಟ್ಟಿದ ವಾರ್ನಿಷ್ ಮತ್ತು ಹಳೆಯ ರಿಪೇರಿಯ ಬಣ್ಣಗಳನ್ನು ಒಂದೊಂದೇ ಇಂಚು ತೆಗೆಯುವುದು. ಯಾವ ದ್ರಾವಕ ಎಷ್ಟು ಹೊತ್ತು ಎಂಬುದನ್ನು ಉಗುರಗಲದ ಜಾಗದಲ್ಲಿ ಮೊದಲು ಪರೀಕ್ಷಿಸಬೇಕು. ಮೂಲ ಬಣ್ಣ ಪೂರ್ತಿ ಹೋದ ಕಡೆ ಮಾತ್ರ ತುಂಬುವ ಕೆಲಸ, ಅದೂ ಮುಂದೆ ಬೇಕೆಂದಾಗ ತೆಗೆಯಲು ಬರುವಂಥ ಬಣ್ಣದಲ್ಲಿ. ಇಟಲಿಯ ಒಂದು ಪದ್ಧತಿಯಲ್ಲಿ ಈ ತುಂಬುವಿಕೆಯನ್ನು ಕೂದಲೆಳೆಯಂಥ ಗೆರೆಗಳಿಂದ ಮಾಡುತ್ತಾರೆ. ದೂರಕ್ಕೆ ಚಿತ್ರ ಇಡಿಯಾಗಿ ಕಾಣುತ್ತದೆ, ಹತ್ತಿರ ಹೋದವರಿಗೆ ಯಾವುದು ಹಳತು, ಯಾವುದು ಹೊಸತು ಎಂದು ತಿಳಿಯುತ್ತದೆ.

ನೆಲ್ಲಿಯ ಚಿತ್ರಕ್ಕೆ ರೊಸೆಲ್ಲಾ ಲಾರಿ ಎಂಬ ತಜ್ಞೆಯ ಮುಂದಾಳತ್ವದಲ್ಲಿ ನಾಲ್ಕು ವರ್ಷ ಹಿಡಿಯಿತು. 2019ರ ಅಕ್ಟೋಬರಿನಲ್ಲಿ ಅದು ಸಾಂತಾ ಮಾರಿಯಾ ನೊವೆಲ್ಲಾ ಮ್ಯೂಸಿಯಂನ ಗೋಡೆಗೇರಿತು. ಜೇನ್ ಫಾರ್ಚೂನ್ ಅದನ್ನು ನೋಡಲಿಲ್ಲ. ಹಿಂದಿನ ವರ್ಷವೇ ತೀರಿಕೊಂಡಿದ್ದರು. ಹೆಂಗಸರ ಸುಮಾರು 70 ಕೃತಿಗಳನ್ನು ಉಳಿಸಿದ ಮೇಲೆ 2021ರಲ್ಲಿ ಅವರ ಸಂಸ್ಥೆಯೂ ಬಾಗಿಲು ಹಾಕಿತು.

ಮ್ಯೂಸಿಯಂಗಳಿಗೆ ಇಂಥವರ ಗರಜು ಯಾಕೆ ಬೀಳುತ್ತದೆಂದು ಊಹಿಸುವುದು ಕಷ್ಟವಲ್ಲ. ಸಂಬಳ, ಕರೆಂಟು, ಕಾವಲು ಕಳೆದು ಉಳಿದ ದುಡ್ಡು ಹೆಸರಾಂತ ಚಿತ್ರಗಳ ಕಡೆಗೇ ಹರಿಯುತ್ತದೆ, ಏಕೆಂದರೆ ಜನ ಟಿಕೆಟ್ ಕೊಳ್ಳುವುದು ಅವುಗಳನ್ನು ನೋಡಲು. ಹೆಸರಿಲ್ಲದವು ಉಗ್ರಾಣದಲ್ಲಿ ಕಾಯುತ್ತವೆ. ಖಾಸಗಿ ಪೋಷಕ ಆ ಸಾಲನ್ನು ಮುರಿಯಬಲ್ಲ. ದುರಸ್ತಿಯ ಖರ್ಚು ಕೊಡುವುದಕ್ಕಿಂತ ದೊಡ್ಡ ಕೆಲಸ ಇದು: ಯಾವುದು ಉಳಿಯಬೇಕು ಎಂಬ ಆಯ್ಕೆಯಲ್ಲಿ ಆತನಿಗೂ ಪಾಲು ಸಿಗುತ್ತದೆ. ಹೆದರಿಕೆ ಹುಟ್ಟುವುದೂ ಅಲ್ಲೇ.

ವ್ಯಾಟಿಕನ್ನಿನ ಸಿಸ್ಟೀನ್ ಚಾಪೆಲ್ ನೋಡಿ. ಮೈಕೆಲೇಂಜೆಲೊನ ಭಿತ್ತಿಚಿತ್ರಗಳ ಮೇಲಿನ ಮೇಣದಬತ್ತಿಯ ಮಸಿ ಮತ್ತು ಹಿಂದಿನವರು ಬಳಿದಿದ್ದ ಅಂಟನ್ನು ತೆಗೆಯುವ ಕೆಲಸ 1980ರಿಂದ 1994ರವರೆಗೆ ನಡೆಯಿತು. ಹಣ ಕೊಟ್ಟದ್ದು ಜಪಾನಿನ ನಿಪ್ಪಾನ್ ಟೆಲಿವಿಷನ್. ಬದಲಿಗೆ ಅದಕ್ಕೆ ಸಿಕ್ಕಿದ್ದು ಆ ಚಿತ್ರಗಳ ಫೋಟೊ ಮತ್ತು ವಿಡಿಯೊ ತೆಗೆಯುವ ಏಕಸ್ವಾಮ್ಯ, ಕೆಲವು ವರ್ಷಗಳ ಮಟ್ಟಿಗೆ. ವ್ಯಾಪಾರವೆಂದರೆ ವ್ಯಾಪಾರವೇ. ಆದರೆ ಅವಧಿ ಬರೆದಿಟ್ಟ ವ್ಯಾಪಾರ. ಶುಚಿಗೊಳಿಸಿದ ರೀತಿಯ ಬಗ್ಗೆ ಅಮೆರಿಕದ ಕಲಾ ಇತಿಹಾಸಕಾರ ಜೇಮ್ಸ್ ಬೆಕ್ ಎತ್ತಿದ ತಕರಾರು ವರ್ಷಗಟ್ಟಲೆ ನಡೆಯಿತು. ಮೈಕೆಲೇಂಜೆಲೊ ಒಣಗಿದ ಗಾರೆಯ ಮೇಲೆ ತಾನೇ ಕೊಟ್ಟಿದ್ದ ನೆರಳುಗಳೂ ತೊಳೆದು ಹೋದವು ಎನ್ನುವುದು ಅವರ ವಾದ. ತೆಗೆದ ಪದರವನ್ನು ಮರಳಿ ಹಾಕಲು ಯಾರಿಂದಲೂ ಆಗದು. ಹತ್ತಿಕಡ್ಡಿ ಹಿಡಿದವರಿಗೆ ಅವಸರ ಮಾಡುವ ಹಕ್ಕು ದಾನಿಗೆ ಇರಬಾರದು ಎನ್ನುವುದು ಇದಕ್ಕೇ.

ದಾನಿಯ ಹಕ್ಕು ಎಷ್ಟು ಎಂಬ ಜಗಳವನ್ನು ಬೆಂಗಳೂರೂ ಬಲ್ಲದು. ಕಸ್ತೂರಬಾ ರಸ್ತೆಯ ವೆಂಕಟಪ್ಪ ಕಲಾ ಗ್ಯಾಲರಿಯನ್ನು ಖಾಸಗಿ ಪ್ರತಿಷ್ಠಾನವೊಂದಕ್ಕೆ ದತ್ತು ಕೊಡುವ ಒಪ್ಪಂದ 2015ರಲ್ಲಿ ಆದ ಬಳಿಕ ಕಲಾವಿದರು ಬೀದಿಗಿಳಿದರು. ಸಾರ್ವಜನಿಕರ ಗ್ಯಾಲರಿ ಒಬ್ಬರ ಅಭಿರುಚಿಯ ಮನೆಯಾಗಬಾರದು ಎಂಬುದು ಅವರ ಮಾತು. ಕಡೆಗೆ ಆ ಒಪ್ಪಂದ ಜಾರಿಗೆ ಬರಲಿಲ್ಲ. ಕಟ್ಟಡವನ್ನೂ ಅದನ್ನು ನಡೆಸುವ ಅಧಿಕಾರವನ್ನೂ ಒಪ್ಪಿಸುವುದು ಬೇರೆ, ಒಂದು ಚಿತ್ರದ ಆರೈಕೆಗೆ ದುಡ್ಡು ಕೊಡುವುದು ಬೇರೆ. ಎರಡಕ್ಕೂ ನಾವು ದತ್ತು ಎಂಬ ಒಂದೇ ಪದ ಬಳಸುವುದರಿಂದ ಗೊಂದಲ ಹೆಚ್ಚಿದೆ.

ಎರಡನೆಯದಕ್ಕೆ ನಮ್ಮಲ್ಲೂ ದಾರಿಯಿದೆ. ಕೇಂದ್ರ ಸರ್ಕಾರ 1996ರಲ್ಲಿ ರಾಷ್ಟ್ರೀಯ ಸಂಸ್ಕೃತಿ ನಿಧಿಯನ್ನು ಸ್ಥಾಪಿಸಿತು. ದಾನಿ ಇಂಥದೇ ಕೆಲಸಕ್ಕೆ ಎಂದು ಸೂಚಿಸಿ ಹಣ ಕೊಡಬಹುದು, ಕೆಲಸದ ಮೇಲುಸ್ತುವಾರಿಯಲ್ಲೂ ಅವರಿಗೆ ಜಾಗವಿರುತ್ತದೆ. ಕಂಪನಿಗಳ ಸಾಮಾಜಿಕ ಹೊಣೆಯ ಬಾಬತ್ತಿನಲ್ಲಿ ಕಲಾಕೃತಿಗಳ ಪುನರುದ್ಧಾರವನ್ನೂ ಕಾನೂನು ಸೇರಿಸಿದೆ. ಹಾಳಾದ ಚಿತ್ರವನ್ನು ವೈದ್ಯರಂತೆ ನೋಡುವವರು ಬೆಂಗಳೂರಿನಲ್ಲೇ, ಚಿತ್ರಕಲಾ ಪರಿಷತ್ತಿನೊಂದಿಗೆ ಸೇರಿ ಇನ್‌ಟ್ಯಾಕ್ ಸಂಸ್ಥೆ ಕಟ್ಟಿದ ಕಲಾ ಸಂರಕ್ಷಣಾ ಕೇಂದ್ರದಲ್ಲಿದ್ದಾರೆ.

ಆದ್ದರಿಂದ ಮುಂದಿನ ಸಲ ಯಾವುದಾದರೂ ಮ್ಯೂಸಿಯಂಗೆ ಹೋದಾಗ ಗೋಡೆಯ ಮೇಲಿರುವುದನ್ನು ನೋಡಿ ಮುಗಿಸಿ ಕ್ಯುರೇಟರ್ ಬಳಿ ಒಂದು ನಿಮಿಷ ನಿಲ್ಲಿ. ಒಳಗಿನ ಉಗ್ರಾಣದಲ್ಲಿ ಏನೇನಿದೆ, ಅದರಲ್ಲಿ ಯಾವುದು ಇನ್ನು ಹೆಚ್ಚು ದಿನ ತಾಳುವುದಿಲ್ಲ ಎಂದು ಕೇಳಿ.