ಜೀವನಾಂಶವೂ ವರಮಾನ ತೆರಿಗೆಯೂ

'ಜೀವನಾಂಶ'ವೆಂಬ ಶಬ್ದದಲ್ಲಿರುವ 'ಅಂಶ'ಕ್ಕೆ ಪಾಲೆಂದು ಅರ್ಥ. ಪಾಲೆಂದ ಮೇಲೆ ಅದು ಕೊಡುವವನ ಸ್ವತ್ತಾಗಿರದೆ ಪಡೆಯುವವಳದೇ ಆಗಿರಬೇಕಷ್ಟೆ. ವರಮಾನ ತೆರಿಗೆಯ ನ್ಯಾಯವು ಈ ಅರ್ಥವನ್ನು ಒಂದು ಸಂದರ್ಭದಲ್ಲಿ ಮಾತ್ರ ಒಪ್ಪಿದೆ.

ಬಂಗಾಳದ ರಾಜಾ ಬಿಜಯ್ ಸಿಂಗ್ ದುಧೋರಿಯಾ ಅವರ ಮಲತಾಯಿಗೆ ಡಿಕ್ರಿಯಂತೆ ಸಲ್ಲಬೇಕಾಗಿದ್ದ ಜೀವನಾಂಶದ ಭಾರವನ್ನು ಆಸ್ತಿಯ ಮೇಲೆಯೇ ಹೊರಿಸಲಾಗಿದ್ದಿತು. ಆ ಹಣವು ರಾಜರ ವರಮಾನವಾಗುವುದಕ್ಕೆ ಮುಂಚೆಯೇ ಮಲತಾಯಿಯ ಕಡೆಗೆ ತಿರುಗಿಬಿಡುತ್ತದೆಂದು 1933ರಲ್ಲಿ ಪ್ರಿವಿ ಕೌನ್ಸಿಲು ತೀರ್ಮಾನಿಸಿತು. 1960ರ ಸೀತಲ್‌ದಾಸ್ ತೀರಥ್‌ದಾಸ್ ಮೊಕದ್ದಮೆಯಲ್ಲಾದರೋ ಹೆಂಡತಿ ಮಕ್ಕಳಿಗೆ ಡಿಕ್ರಿಯಿತ್ತು, ಆಸ್ತಿಯ ಮೇಲೆ ಭಾರವಿರಲಿಲ್ಲ. ಹಣವು ಮೊದಲು ಗಂಡನ ವರಮಾನವಾಗಿ ಆಮೇಲೆ ವೆಚ್ಚವಾಗುತ್ತದೆ, ಆದಕಾರಣ ಅದನ್ನು ಕಳೆಯತಕ್ಕದ್ದಲ್ಲವೆಂದು ಸುಪ್ರೀಂ ಕೋರ್ಟು ಹೇಳಿತು.

ಹೆಂಡತಿಯ ಕೈಯಲ್ಲಿ ಅದರ ಗತಿಯೇನು? ಪ್ರತಾಪಗಢದ ರಾಜಕುಮಾರಿ ಮಹೇಶ್ವರಿ ದೇವಿಯ ಮೊಕದ್ದಮೆಯಲ್ಲಿ (1984ರ ವರದಿ) ಬೊಂಬಾಯಿ ಹೈಕೋರ್ಟು ಇಡಿಗಂಟಾಗಿ ಬಂದುದನ್ನು ಮೂಲಧನವೆಂದೂ, ತಿಂಗಳು ತಿಂಗಳು ಬರತಕ್ಕದ್ದನ್ನು ವರಮಾನವೆಂದೂ ವಿಂಗಡಿಸಿತು. ಹೀಗೆ ತಿಂಗಳ ಹಣವು ಗಂಡನಲ್ಲೊಮ್ಮೆ, ಹೆಂಡತಿಯಲ್ಲೊಮ್ಮೆ ತೆರಿಗೆಗೆ ಗುರಿಯಾಗಬಹುದು. ಇದು ತರ್ಕಕ್ಕೆ ಸರಿ. ನ್ಯಾಯಕ್ಕೆ ಸರಿಯೆಂದು ನಮಗೆ ತೋರುವುದಿಲ್ಲ. ಮೊತ್ತವು ತೆರಿಗೆಯ ಮಿತಿಯೊಳಗಿದ್ದರೆ ಮಾತ್ರ ಆಕೆಗೆ ಬಾಧೆಯಿಲ್ಲ.

ತುಮಕೂರು ಸೀಮೆಯಲ್ಲಿ ಈ ಪ್ರಶ್ನೆಗೆ ಬೇರೊಂದು ಮುಖವುಂಟು. 1923ರ ಮೈಸೂರು ವರಮಾನ ತೆರಿಗೆ ಕಾಯಿದೆಯು ಇಲ್ಲಿ ನಡೆಯುತ್ತಿದ್ದು, 1950ರಲ್ಲಿ ಭಾರತದ ಕಾಯಿದೆಯು ಅದರ ಸ್ಥಳಕ್ಕೆ ಬಂದಿತು. ಈ ಕಾಯಿದೆಯಲ್ಲಿ ಬೇಸಾಯದ ಆದಾಯಕ್ಕೆ ವಿನಾಯಿತಿ. ಗುಬ್ಬಿಯ ಅಡಕೆ ತೋಟಗಾರನೊಬ್ಬನು ತೋಟದ ಉತ್ಪನ್ನದಿಂದಲೇ ಹೆಂಡತಿಗೆ ತಿಂಗಳ ಹಣವನ್ನು ಕೊಡುತ್ತಾನೆಂದಿಟ್ಟುಕೊಳ್ಳೋಣ. ಅವನಿಗಿರುವ ವಿನಾಯಿತಿಯು ಆ ಹಣದೊಡನೆ ಅವಳಿಗೂ ಸಾಗಿಬರುವುದೇ? ಬಾರದೆಂದೇ ನಮ್ಮ ಅಭಿಪ್ರಾಯ. ಚಹಾ ಕಂಪನಿಯ ಲಾಭಾಂಶವು ಬೇಸಾಯದ ಆದಾಯವಲ್ಲ, ಭೂಮಿಯೊಡನೆ ನೇರವಾದ ಸಂಬಂಧವಿರಬೇಕೆಂದು ಬಾಚಾ ಗಜ್ದಾರ್ ಮೊಕದ್ದಮೆಯಲ್ಲಿ 1954ರಲ್ಲಿ ಸುಪ್ರೀಂ ಕೋರ್ಟು ಗೊತ್ತುಮಾಡಿದೆ. ಆಕೆಯ ಹಣಕ್ಕೆ ಮೂಲವು ಡಿಕ್ರಿಯೇ ಹೊರತು ತೋಟವಲ್ಲ.

ಕುಣಿಗಲಿನ ತೆಂಗಿನ ತೋಟವೊಂದನ್ನೇ ಹೆಂಡತಿಗೆ ಬರೆದುಕೊಟ್ಟರೆ ಸ್ಥಿತಿಯು ಬದಲಾಗುವುದು. ಆಗ ಫಸಲು ಅವಳದೇ, ವಿನಾಯಿತಿಯೂ ಅವಳದೇ. ಹೆಂಡತಿಗೆ ಕೊಟ್ಟ ಸ್ವತ್ತಿನ ಆದಾಯವನ್ನು ಗಂಡನ ಲೆಕ್ಕಕ್ಕೆ ಸೇರಿಸುವ ವಿಧಿಯನ್ನು ಮಾಡಿದ 1961ರ ಕಾಯಿದೆಯು, ಬೇರೆಯಾಗಿ ಬಾಳುವ ಒಡಂಬಡಿಕೆಯ ಮೇರೆಗೆ ಕೊಟ್ಟುದನ್ನು ಅದರಿಂದ ಹೊರಗಿಟ್ಟಿತು. ಆದುದರಿಂದ ರಾಜಿನಾಮೆಯ ಪತ್ರದಲ್ಲಿ ಆ ಒಡಂಬಡಿಕೆಯ ಮಾತು ಸ್ಪಷ್ಟವಾಗಿ ಬರೆದಿರಬೇಕು.