ಕೀಲುನೋವಿಗೆ ನೀರು: ನಂಬಿಕೆ ಏನು, ನಿಜ ಏನು?

ಮಂಡಿನೋವು ಎಂದರೆ ಸಾಕು, ನೀರಿನ ಸಲಹೆಗಳು ಹರಿದುಬರುತ್ತವೆ. ಸಂಧಿವಾತಕ್ಕೆ ನೀರಿನಿಂದ ಉಪಶಮನ ಇರುವುದು ನಿಜ. ಆದರೆ ಅದು ಸಿಗುವ ದಾರಿ ಬೇರೆ.

ತಪ್ಪು ಕಲ್ಪನೆ: ಬೆಳಗ್ಗೆ ಖಾಲಿ ಹೊಟ್ಟೆಗೆ ಲೀಟರುಗಟ್ಟಲೆ ನೀರು ಕುಡಿದರೆ ಕೀಲುನೋವು ವಾಸಿ.
ಸತ್ಯ: ಕುಡಿದ ನೀರು ಸವೆದ ಮೃದ್ವಸ್ಥಿಯನ್ನು ಮತ್ತೆ ಬೆಳೆಸದು. ಯೂರಿಕ್ ಆಮ್ಲದಿಂದ ಬರುವ ಗೌಟ್‌ನಲ್ಲಿ ಸಾಕಷ್ಟು ನೀರು ಕುಡಿಯಲು ವೈದ್ಯರು ಹೇಳುತ್ತಾರೆ, ಅದೂ ಔಷಧಿಯ ಜೊತೆಗೆ. ಹೃದಯ, ಮೂತ್ರಪಿಂಡದ ತೊಂದರೆ ಇದ್ದವರಿಗೆ ಅತಿಯಾದ ನೀರು ಅಪಾಯಕಾರಿ.

ತಪ್ಪು ಕಲ್ಪನೆ: ಈಜು ಬಾರದವರಿಗೆ ಜಲಚಿಕಿತ್ಸೆ ಆಗದು.
ಸತ್ಯ: ಈಜಬೇಕಾಗಿಯೇ ಇಲ್ಲ. ಎದೆಮಟ್ಟದ ನೀರಿನಲ್ಲಿ ಕಂಬಿ ಹಿಡಿದು ನಡೆಯುವುದು, ಮಂಡಿ ಮಡಚಿ ಬಿಡಿಸುವುದು, ಕಾಲನ್ನು ಪಕ್ಕಕ್ಕೆ ಎತ್ತುವುದು ಮುಖ್ಯ ವ್ಯಾಯಾಮಗಳು. ಸೊಂಟದವರೆಗೆ ನೀರಿದ್ದರೆ ಕಾಲಿನ ಮೇಲೆ ಬೀಳುವ ಭಾರ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಎದೆಯವರೆಗೆ ಬಂದರೆ ಸುಮಾರು ಮೂರನೇ ಒಂದು ಭಾಗಕ್ಕೆ. ನೆಲದ ಮೇಲೆ ನೋಯುವ ಮಂಡಿ ನೀರಿನಲ್ಲಿ ಸಲೀಸಾಗಿ ಆಡುವುದು ಇದರಿಂದಲೇ. ಜೊತೆಗೆ ನೀರು ಒಡ್ಡುವ ತಡೆಯಿಂದ ತೊಡೆಯ ಸ್ನಾಯುಗಳಿಗೆ ಬಲ ಬರುತ್ತದೆ. ಮಂಡಿ, ಸೊಂಟದ ಕೀಲುಸವೆತ ಇದ್ದವರ 13 ಅಧ್ಯಯನಗಳನ್ನು 2016ರಲ್ಲಿ ಪರಿಶೀಲಿಸಿದ ವೈದ್ಯಕೀಯ ಸಂಶೋಧನೆಗಳನ್ನು ವಿಮರ್ಶಿಸುವ ಕಾಕ್ರೇನ್ ಸಂಸ್ಥೆಯ ವರದಿ, ನೀರಿನ ವ್ಯಾಯಾಮದಿಂದ ನೋವು ತುಸು ತಗ್ಗುತ್ತದೆ ಎಂದಿದೆ. ಅದು ಗಮನಿಸಿದ್ದು ವ್ಯಾಯಾಮ ಮುಗಿದ ಹೊತ್ತಿನ ಲಾಭವನ್ನು, ಕಾಯಂ ಗುಣವನ್ನಲ್ಲ.

ತಪ್ಪು ಕಲ್ಪನೆ: ನೀರು ಬಿಸಿಯಾದಷ್ಟೂ ಗುಣ ಹೆಚ್ಚು.
ಸತ್ಯ: ಚಿಕಿತ್ಸೆಯ ಕೊಳದ ನೀರು ಸಾಮಾನ್ಯವಾಗಿ 33ರಿಂದ 36 ಡಿಗ್ರಿ ಸೆಲ್ಸಿಯಸ್, ಅಂದರೆ ಉಗುರುಬೆಚ್ಚಗೆ ಮಾತ್ರ. ಅದು ಬಿಗಿದ ಸ್ನಾಯುಗಳನ್ನು ಸಡಿಲಿಸುತ್ತದೆ. ಸುಡುನೀರಿನಲ್ಲಿ ರಕ್ತದೊತ್ತಡ ಕುಸಿದು ತಲೆಸುತ್ತು ಬರಬಹುದು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಕಳೆದುಕೊಂಡವರಿಗೆ ಬೊಬ್ಬೆ ಬಂದದ್ದೂ ತಿಳಿಯದು.

ತಪ್ಪು ಕಲ್ಪನೆ: ಬಿಸಿನೀರಿನ ಬುಗ್ಗೆಯಲ್ಲಿ ಮಿಂದರೆ, ಎಪ್ಸಮ್ ಉಪ್ಪಿನ ನೀರಿನಲ್ಲಿ ಕಾಲಿಟ್ಟರೆ ಮಾತ್ರೆ ಬೇಡ.
ಸತ್ಯ: ಬೆಚ್ಚನೆಯ ಸ್ನಾನ ಕೆಲಹೊತ್ತು ಹಾಯೆನಿಸುತ್ತದೆ, ಅಷ್ಟೇ. ರುಮಟಾಯ್ಡ್ ಸಂಧಿವಾತದಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಕೀಲಿನ ಮೇಲೆ ದಾಳಿ ಮಾಡುತ್ತದೆ. ಅದನ್ನು ತಡೆಯುವ ಮೆಥೊಟ್ರೆಕ್ಸೇಟ್‌ನಂಥ ಔಷಧಿಯನ್ನು ಮನಸ್ಸಿಗೆ ಬಂದಂತೆ ನಿಲ್ಲಿಸಿದರೆ ಕೀಲು ಸರಿಪಡಿಸಲಾಗದಷ್ಟು ಹಾಳಾಗಬಹುದು.

ತೆರೆದ ಗಾಯ, ಜ್ವರ, ಹತೋಟಿಗೆ ಬಾರದ ಹೃದ್ರೋಗ ಇದ್ದಾಗ ಕೊಳಕ್ಕೆ ಇಳಿಯಬೇಡಿ. ಉಳಿದವರು ವೈದ್ಯರನ್ನು ಕೇಳಿ, ಫಿಸಿಯೋಥೆರಪಿಸ್ಟ್ ಕಣ್ಣೆದುರೇ ಶುರುಮಾಡಿ. ನೀರಿನಲ್ಲಿ ಸುಮ್ಮನೆ ಕೂರಬೇಡಿ, ಕೈಕಾಲು ಆಡಿಸಿ. ನೋವು ತಗ್ಗಿಸುವುದು ಆ ಚಲನೆಯೇ.