ಗುಡ್ಡದ ಕವಳಿ

ಗೋಕಾಕದ ಜಲಪಾತವನ್ನು ನೋಡಹೋದವರ ಕಣ್ಣು ನೂರೆಪ್ಪತ್ತು ಅಡಿ ಕೆಳಕ್ಕೆ ಧುಮುಕುವ ಘಟಪ್ರಭೆಯ ಮೇಲೆಯೇ ನಿಲ್ಲುವುದು ಸಹಜ. ನನ್ನ ಕಣ್ಣು ಮಾತ್ರ ಅಲ್ಲಿಯ ಮರಳುಗಲ್ಲಿನ ಬಿರುಕುಗಳಲ್ಲಿ ಬೇರೂರಿದ ಕುಳ್ಳ ಗಿಡಗಳನ್ನು ಅರಸುತ್ತದೆ. ಹಿಡಿ ಮಣ್ಣಿಲ್ಲದ ಎಡೆಯಲ್ಲಿ ಬಿಸಿಲಿಗೂ ಗಾಳಿಗೂ ಆಡುಗಳ ಬಾಯಿಗೂ ಸಿಕ್ಕು, ಮೊಣಕಾಲೆತ್ತರದಲ್ಲಿಯೇ ಮುದಿಮರದ ಗಾಂಭೀರ್ಯವನ್ನು ಪಡೆದ ಗಿಡಗಳವು. ಇಂಥವನ್ನು ಬೆಟ್ಟದಿಂದ ಎಬ್ಬಿಸಿ ತಂದು ತಟ್ಟೆಯಂಥ ಕುಂಡದಲ್ಲಿ ಬೆಳೆಸುವುದಕ್ಕೆ ಜಪಾನೀಯರು 'ಯಮದೋರಿ' ಎನ್ನುತ್ತಾರೆ. ಬೋನ್ಸಾಯ್ ಕಲೆಯಲ್ಲಿ ಅದಕ್ಕೆ ದೊಡ್ಡ ಮಾನ. ಮನುಷ್ಯನು ತಂತಿ ಸುತ್ತಿ, ಕತ್ತರಿ ಆಡಿಸಿ ಎಷ್ಟೋ ವರ್ಷಗಳಲ್ಲಿ ತರಬೇಕಾದ ವಯಸ್ಸು ಅದರ ಬೊಡ್ಡೆಯಲ್ಲಿ ಆಗಲೇ ಇರುತ್ತದೆ.

ಈ ಆಸೆಗೆ ಬಿದ್ದು ನಾನೊಂದು ಪಾಪ ಮಾಡಿದೆ. ಏಳೆಂಟು ವರ್ಷಗಳ ಕೆಳಗೆ, ಒಂದು ವೈಶಾಖದಲ್ಲಿ, ಗೋಕಾಕದ ಆಚೆಯ ಗುಡ್ಡದಲ್ಲಿ ಕವಳಿಯ ಕಂಟಿಯೊಂದಕ್ಕೆ ಹಾರೆ ಹಾಕಿದೆ. ಬೊಡ್ಡೆ ನನ್ನ ಮುಂಗೈಯಷ್ಟು ದಪ್ಪ. ಬೇರು ಕಲ್ಲಿನ ಸಂದಿಯಲ್ಲಿ ಇಳಿಯುತ್ತಲೇ ಹೋಯಿತು, ಬೇಸತ್ತು ಕಡಿದೆ. ಬಿಳಿಯ ಹಾಲು ಒಸರಿತು. ಕುರಿ ಮೇಯಿಸುತ್ತಿದ್ದ ಮುದುಕನೊಬ್ಬ ಬಳಿಗೆ ಬಂದು, "ಹಣ್ಣ ಬೇಕಾಗಿದ್ರ ಹರಕೊಂಡ ಹೋಗಬೇಕಿತ್ತರಿ, ಸರ. ಗಿಡಾ ಯಾಕ ಒಯ್ತೀರಿ?" ಎಂದ. ನನ್ನಲ್ಲಿ ಉತ್ತರವಿರಲಿಲ್ಲ. ಹದಿನೈದು ದಿನಗಳಲ್ಲಿ ಕವಳಿ ಒಣಗಿತು. ನೀರು ಹೀರುವುದು ದಪ್ಪ ಬೇರಲ್ಲ, ಅದರ ತುದಿಯ ಕೂದಲೆಳೆಯಂಥ ಬೇರುಗಳು. ಅವನ್ನೆಲ್ಲ ನಾನು ಗುಡ್ಡದಲ್ಲಿಯೇ ಬಿಟ್ಟು ಬಂದಿದ್ದೆ. ಕಾಯ್ದಿಟ್ಟ ಅರಣ್ಯದಲ್ಲಿ ಅನುಮತಿಯಿಲ್ಲದೆ ಹೀಗೆ ಅಗೆಯುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯಂತೆ ಅಪರಾಧವೂ ಹೌದೆಂಬುದು ತಿಳಿದದ್ದು ಆಮೇಲೆ. ಜಪಾನಿನ ಶಿಕೋಕು ದ್ವೀಪದ ಇಶಿಜುಚಿ ಬೆಟ್ಟದಲ್ಲಿ ಹಳೆಯ ಜೂನಿಪರ್ ಗಿಡಗಳು ಇಂಥ ಆಸೆಗೇ ಬಲಿಯಾಗಿ ವಿರಳವಾದವೆಂದು ಓದಿದಾಗ ಆ ಮುದುಕನ ಮುಖ ಕಣ್ಣೆದುರಿಗೆ ಬಂತು.

ಆದರೂ ಚಪಲ ಬಿಡಲಿಲ್ಲ, ದಾರಿ ಬದಲಿಸಿದೆ. ಹುಕ್ಕೇರಿಯಲ್ಲಿ ನಮ್ಮ ಅತ್ತೆಯವರ ಹಳೆಯ ಮನೆಯ ಗೋಡೆಯಲ್ಲಿ, ಹಕ್ಕಿ ಹಾಕಿದ ಬೀಜದಿಂದ ಅರಳಿಯೊಂದು ಎದ್ದು ಕಲ್ಲುಗಳನ್ನು ಸರಿಸತೊಡಗಿತ್ತು. "ಅರಳಿ ಕಡೀಬಾರದಪಾ, ಆದರ ಗ್ವಾಡಿನೂ ಬೀಳಬಾರದು" ಎಂಬುದು ಅವರ ಸಂಕಟ. ಗಾರೆಯನ್ನು ಮೆಲ್ಲಮೆಲ್ಲನೆ ಬಿಡಿಸಿ ಬೇರನ್ನು ಹೊರತೆಗೆದು, ಎಲೆಗಳನ್ನೆಲ್ಲ ಸವರಿ, ಒದ್ದೆ ಗೋಣಿಯಲ್ಲಿ ಸುತ್ತಿ ತಂದೆ. ಅರಳಿ, ಆಲ, ಅತ್ತಿ ಇವೆಲ್ಲ ಅಲ್ಪ ಬೇರಿನಿಂದಲೂ ಚೇತರಿಸಿಕೊಳ್ಳಬಲ್ಲ ಗಟ್ಟಿ ಜೀವಗಳು. ಮೂರನೆಯ ವಾರಕ್ಕೆ ತಾಮ್ರವರ್ಣದ ಚಿಗುರು ಕಂಡಿತು. ಅತ್ತೆಯವರು ಬಂದು ಕುಂಡದ ಅರಳಿಗೆ ಕುಂಕುಮ ಹಚ್ಚಿ ಹೋದರು. ಬೋನ್ಸಾಯ್ ಶಾಸ್ತ್ರದಲ್ಲಿ ಅದಕ್ಕೆ ವಿಧಿಯಿಲ್ಲ, ನಿಷೇಧವೂ ಇಲ್ಲ.

ಮೂಡಲಗಿಯ ಗೆಳೆಯನೊಬ್ಬ ತನ್ನ ಕಬ್ಬಿನ ಹೊಲದ ಬದುವನ್ನು ಒಡೆಸುವವನಿದ್ದ. ಅದರ ಮೇಲೊಂದು ಹಳೆಯ ಬಾರಿಯ ಗಿಡ. ಒಂದು ವರ್ಷ ತಡೆಯೆಂದು ಬೇಡಿಕೊಂಡೆ. ಹೋದ ವರ್ಷ ಮಳೆಗೆ ಮೊದಲು, ಬುಡದಿಂದ ಒಂದು ಮೊಳ ದೂರದಲ್ಲಿ ಅರ್ಧ ಸುತ್ತು ತೋಡಿ, ಬೇರು ಕತ್ತರಿಸಿ, ಮರಳು ಬೆರೆಸಿದ ಹಗುರ ಮಣ್ಣು ತುಂಬಿದೆವು. ಕಡಿದ ತುದಿಗಳಲ್ಲಿ ಎಳೆಬೇರು ಮೂಡಬೇಕಾದದ್ದು ಆ ಮಣ್ಣಿನಲ್ಲಿಯೇ. ಉಳಿದರ್ಧದ ಸರದಿ ಬರುವ ಮೃಗಶಿರಾ ಮಳೆಗೆ. ಗೆಳೆಯ ಫೋನು ಮಾಡಿದಾಗಲೆಲ್ಲ, "ನಿನ್ನ ಮುಳ್ಳಿನ ಗಿಡ ಚಲೋ ಐತಿ, ನನ್ನ ಬದುನೂ ಹಂಗss ಐತಿ" ಎಂದು ಚುಚ್ಚುತ್ತಾನೆ.